ಎರಡು ಕಿವಿಗೆ ಎರಡು ಕೊಳವೆ

ಹೊಟ್ಟೆಪಾಡಿಗೆ ಅಚ್ಚುಕೂಟದಲ್ಲಿ ಯಂತ್ರ ಓಡಿಸುತ್ತಿದ್ದರೂ ಬಳಗದವರ ಬಾಯಲ್ಲಿ ಅವನು ಡಾಕ್ಟರು. ಆ ಹೆಸರಿಟ್ಟವನು ಅವನ ತಮ್ಮ. ಇಬ್ಬರ ಹತ್ತಿರವೂ ಒಂದೇ ಥರದ ಹಳೆಯ ಬೈಕು, ಒಂದೊಂದಕ್ಕೂ ಎರಡೆರಡು ಕಾರ್ಬುರೇಟರ್. ಎರಡೂ ಒಂದೇ ಸಮ ಗಾಳಿ ಎಳೆಯದಿದ್ದರೆ ಇಂಜಿನ್ನು ಚಳಿಜ್ವರ ಬಂದವರಂತೆ ನಡುಗುತ್ತದೆ. ಅಳೆಯುವ ಮೀಟರು ಅವನಲ್ಲಿ ಇರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ. ಎರಡು ರಬ್ಬರ್ ಕೊಳವೆಗಳ ತುದಿ ಎರಡು ಕಿವಿಗೆ ಸಿಕ್ಕಿಸಿಕೊಳ್ಳುವುದು. ಉಳಿದೆರಡು ತುದಿಗಳನ್ನು ಹೆಂಡತಿ ಆಯಾ ಬದಿಯ ಕಾರ್ಬುರೇಟರಿನ ಬಾಯಿಗೆ ಹಿಡಿಯುವುದು. ಎರಡು ಕಿವಿಯಲ್ಲೂ ಬುಸುಬುಸು ಸದ್ದು ಸಮವಾಗುವವರೆಗೆ ಅವನು ಸ್ಕ್ರೂ ತಿರುಗಿಸುತ್ತಿದ್ದ. ಆಗ ಅವನ ಗತ್ತು ನೋಡಬೇಕು.

ಒಮ್ಮೆ ತಮ್ಮನ ಬೈಕು ನಡುಗತೊಡಗಿತು. ಡಾಕ್ಟರು ಸರಿಮಾಡಿ ಕಳಿಸಿದ. ಮತ್ತೆ ನಡುಗಿತು, ಮತ್ತೆ ಸರಿಮಾಡಿದ. ಕೊನೆಗೆ ನೆಂಟರಿಷ್ಟರೆಲ್ಲ ಊಟಕ್ಕೆ ಕೂತಿದ್ದಾಗ ಅವನ ತಾಳ್ಮೆ ತಪ್ಪಿತು.

"ಬೈಕಲ್ಲೇನೂ ದೋಷ ಇಲ್ಲ. ಇವನಿಗೆ ತಳ್ಳೋ ಗಾಡಿನೇ ಸರಿ."

ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ತಮ್ಮನೂ ನಕ್ಕ. ಆಮೇಲೆ ಕೆಲವೇ ದಿನಗಳಲ್ಲಿ ಬೈಕು ಮಾರಿಬಿಟ್ಟ. ತನ್ನನ್ನು ಒಂದು ಮಾತು ಕೇಳಲಿಲ್ಲವೆಂದು ಡಾಕ್ಟರು ಮುಖ ಗಂಟಿಕ್ಕಿಕೊಂಡ, ಮಾತು ಬಿಟ್ಟ. ಹೀಗೇ ವರ್ಷಗಳು ಕಳೆದವು. ಅಷ್ಟರಲ್ಲಿ ಅವನ ಬೈಕೂ ನಡುಗುತ್ತಿತ್ತು. ಅದಕ್ಕೆ ಪೆಟ್ರೋಲನ್ನು ಬೈಯುತ್ತಿದ್ದ.

ಒಂದು ಭಾನುವಾರ ಕೆಲಸ ಮುಗಿಯಿತೆನ್ನುವಾಗ ಹೆಂಡತಿ ಕೈ ಒರೆಸಿಕೊಂಡು ಕೊಳವೆಗಳನ್ನು ಮತ್ತೆ ಹಿಡಿದಳು. ಎಡಗಿವಿಯಲ್ಲಿ ಭೋರ್ಗರೆತ, ಬಲಗಿವಿಯಲ್ಲಿ ಸದ್ದೇ ಇಲ್ಲ.

"ಏನು ಮಾಡಿದೆ?"

"ಏನೂ ಇಲ್ಲ ರೀ. ಕೊಳವೆ ಅದಲು ಬದಲಾಯ್ತು, ಅಷ್ಟೇ."

ಅವನು ಸ್ಕ್ರೂ ಮುಟ್ಟಿರಲಿಲ್ಲ. ಕೊಳವೆಗಳನ್ನು ಅವಳ ಕಿವಿಗೆ ಕೊಟ್ಟು ತಾನು ತುದಿ ಹಿಡಿದ. ಬಲಗಡೆಯದೇ ಬಹಳ ಜೋರು ಎಂದಳು. ಅವನ ಕೈ ತನ್ನ ಬಲಗಿವಿಗೆ ಹೋಯಿತು. ಕಿವಿಗಡಚಿಕ್ಕುವ ಅಚ್ಚಿನ ಯಂತ್ರ ಇಷ್ಟು ವರ್ಷವೂ ಅವನ ಬಲಕ್ಕೇ ಇತ್ತು. ಆ ಕಿವಿ ಮಂದವಾದಷ್ಟೂ ಬಲಗಡೆಯ ಕಾರ್ಬುರೇಟರನ್ನು ಹೆಚ್ಚು ಹೆಚ್ಚು ತೆರೆಯುತ್ತಾ ಬಂದಿದ್ದ. ಕೆಡಿಸಿದವನು ತಾನು, ಬೈಸಿಕೊಂಡವನು ತಮ್ಮ. ನಾಚಿಕೆಯಿಂದ ಅವನಿಗೆ ಊಟ ಸೇರಲಿಲ್ಲ.

ಸಂಜೆ ತಮ್ಮನ ಮನೆಗೆ ಹೋದ. ತಮ್ಮ ಏನೂ ಕೇಳದೆ ಕುರ್ಚಿ ಎಳೆದುಕೊಂಡು ಅವನ ಎಡಗಡೆ ಬಂದು ಕೂತ.

"ನಿನಗೆ ಗೊತ್ತಿತ್ತಾ?" ಎಂದ ಅಣ್ಣ.

"ಗೊತ್ತಿತ್ತು. ಯಾವ ಕಿವಿ ಅಂತ ಮಾತ್ರ ಆಮೇಲೆ ತಿಳೀತು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ ಅಣ್ಣ. ಅವತ್ತು ಊಟಕ್ಕೆ ಕೂತಾಗ. 'ಬೈಕ್ ಬಿಡು, ಮೊದಲು ನಿನ್ನ ಕಿವಿ ತೋರಿಸಿಕೊ' ಅಂದೆ. ನಾಲ್ಕು ಜನರ ಮುಂದೆ ನಿನಗೆ ಅವಮಾನ ಆಗಬಾರದು ಅಂತ ಮೆಲ್ಲಗೆ ಹೇಳಿದೆ. ನೀನು ತಿರುಗಿಯೂ ನೋಡಲಿಲ್ಲ. ಸಿಟ್ಟಾಗಿದ್ದೀಯ ಅಂದುಕೊಂಡೆ."

"ಯಾವ ಕಡೆ ಕೂತಿದ್ದೆ?"

ತಮ್ಮ ತಾನು ಕೂತ ಕುರ್ಚಿಯನ್ನೊಮ್ಮೆ ನೋಡಿಕೊಂಡ.

"ಬಲಗಡೆ," ಎಂದ.