ಮರಿಯ ಅಳತೆಗೆ ಪೆಟ್ಟಿಗೆ

ಮಡಿಕೆ ಟೈಲರ್ ಎಲ್ಲಿ ಅಂದರೆ ನಮ್ಮ ಬೀದಿಯಲ್ಲಿ ಯಾರಾದರೂ ಅಂಗಡಿ ತೋರಿಸುತ್ತಾರೆ. ಶಾಲೆಯ ಯೂನಿಫಾರಂ ಹೊಲಿಯುವುದು ಅವನ ಕಸುಬು. ಮಗುವಿನ ಮೈಗೆ ಟೇಪು ಹಿಡಿದಾಗ ಅವನು ಇಂದಿನ ಮಗುವನ್ನು ಅಳೆಯುವುದಿಲ್ಲ, ಬರುವ ವರ್ಷದ ಮಗುವನ್ನು ಅಳೆಯುತ್ತಾನೆ. ತೋಳಿಗೆ ಎರಡಂಗುಲ, ಲಂಗದ ಅಂಚಿಗೆ ಮೂರಂಗುಲ ಒಳಗೆ ಮಡಿಸಿ ಹೊಲಿದು, "ಬೆಳೆದಾಗ ತನ್ನಿ, ಬಿಚ್ಚಿ ಕೊಡ್ತೀನಿ" ಎನ್ನುತ್ತಾನೆ. ಮೂವತ್ತು ವರ್ಷ ಹೀಗೇ ಹೊಲಿದು ಆ ಹೆಸರು ಗಳಿಸಿದ. ನಾನು ಅವನ ಪಕ್ಕದ ಅಂಗಡಿಯ ಬಡಗಿ. ಯಾರ ಕೈಕೆಳಗೂ ಕಲಿತವನಲ್ಲ, ಹಳೆಯ ಬಾಗಿಲುಗಳನ್ನು ಬಿಚ್ಚಿ ಜೋಡಿಸಿ ಕಲಿತವನು. ಪಳಗಿದ ಕೈ ಯಾವುದು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಅವನದು ಪಳಗಿದ ಕೈ.

ಅವನ ಹೆಂಡತಿ ಬಸ್ ಡ್ರೈವರ್. ಬೆಳಗಿನ ಮೊದಲ ಬಸ್ಸು ಅವಳದು. ನಾಲ್ಕಕ್ಕೆ ಎದ್ದು ಐದಕ್ಕೆ ಡಿಪೋದಲ್ಲಿ ಸ್ಟೀರಿಂಗ್ ಹಿಡಿಯಬೇಕು. ರಾತ್ರಿ ಒಂಬತ್ತಕ್ಕೆ ದೀಪ ಆರಿತೆಂದರೆ ಆ ಮನೆಯಲ್ಲಿ ಚಮಚ ಬಿದ್ದರೂ ತಪ್ಪು. ಹೀಗಾಗಿ ನಾಯಿ ಸಾಕಬೇಕೆಂಬ ಗಂಡನ ಆಸೆ ಮದುವೆಯಾದಂದಿನಿಂದ ಮೂಲೆಗೆ ಬಿದ್ದಿತ್ತು. ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ನನ್ನ ಹಿಂದೆ ಐವತ್ತು ಜನ ಕೂತಿರ್ತಾರೆ ರೀ. ನಿಮ್ಮ ನಾಯಿ ಬೊಗಳಿ ನಾನು ತೂಕಡಿಸಿದ್ರೆ ಅವರಿಗೆ ಏನು ಹೇಳ್ತೀರಿ?"

ಹೋದ ವರ್ಷ ಇಸ್ತ್ರಿ ಅಂಗಡಿಯವಳ ನಾಯಿ ಐದು ಮರಿ ಹಾಕಿತು. ನಾಲ್ಕು ಹೋದವು, ಕಪ್ಪು ಮರಿಯೊಂದು ಉಳಿಯಿತು. ಅದು ಕಣ್ಣು ಮುಚ್ಚಿದರೆ ಗುಂಡಿಗೆಂದು ಅಂಗಿಗೆ ಹೊಲಿದ ಎರಡು ಕಾಜಾಗಳಂತೆ ಕಾಣುತ್ತಿತ್ತು. ಟೈಲರ್ ಅದಕ್ಕೆ ಕಾಜಾ ಎಂದೇ ಹೆಸರಿಟ್ಟು, ಆಮೇಲೆ ಹೆಂಡತಿಯ ಒಪ್ಪಿಗೆ ಕೇಳಿದ. ಹೆಸರಿಟ್ಟ ಮೇಲೆ ಬೇಡ ಅನ್ನಲಾರಳು ಎಂಬುದು ಅವನ ಎಣಿಕೆ.

ಅವಳು ಒಂದು ವಾರದ ಗಡುವು ಕೊಟ್ಟಳು. "ಬರೋ ಭಾನುವಾರ ರಾತ್ರಿ ನಂಗೆ ಒಂದು ಸಲಾನೂ ಎಚ್ಚರ ಆಗಬಾರದು. ಆಯ್ತೋ, ಸೋಮವಾರ ಮರಿ ವಾಪಸ್ಸು. ಇನ್ಯಾರೋ ಕೇಳ್ತಿದಾರಂತೆ, ಅವರಿಗೆ ಹೋಗ್ಲಿ."

ಮರಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ರೂಢಿ ಮಾಡಿದರೆ ರಾತ್ರಿಯಿಡೀ ಸುಮ್ಮನಿರುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಗಡುವಿನ ಮೊದಲ ದಿನ, ಸೋಮವಾರ ಬೆಳಿಗ್ಗೆ, ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಅಂಗಡಿಗೆ ಬಂದ. ಟೇಪು ತೆಗೆದು ಮೂಗಿನಿಂದ ಬಾಲದ ಬುಡದವರೆಗೆ ಅಳೆದ. ಅಷ್ಟಕ್ಕೇ ಬಿಡದೆ ಇಸ್ತ್ರಿ ಅಂಗಡಿಗೆ ಹೋಗಿ ಅದರ ತಾಯಿಯನ್ನೂ ಅಳೆದು ಬಂದ. ತಾಯಿಯ ಅಳತೆಗೆ ಇನ್ನೂ ನಾಲ್ಕಂಗುಲ ಸೇರಿಸಿ ಚೀಟಿ ಬರೆದುಕೊಟ್ಟ.

"ಇದರಲ್ಲಿ ನೀನೂ ಮಲಗಬಹುದು ಮಾರಾಯ" ಎಂದೆ.

"ಮರಿ ಬೆಳೆಯೋದಿಲ್ವಾ? ತಿಂಗಳಿಗೊಂದು ಪೆಟ್ಟಿಗೆ ಮಾಡಿಸೋಕೆ ನಾನೇನು ನಿನ್ನ ಅಳಿಯನಾ?"

ನಾನೂ ತಲೆಯಾಡಿಸಿದೆ. ಬೆಳೆಯುವುದಕ್ಕೆ ಜಾಗ ಬಿಡುವುದರಲ್ಲಿ ತಪ್ಪೇನಿದೆ ಅನಿಸಿತು. ಅಂದೇ ಪೆಟ್ಟಿಗೆ ಮಾಡಿಕೊಟ್ಟೆ: ಮೂರು ಕಡೆ ಹಲಗೆ, ಮುಂದೆ ಸಂದು ಬಿಟ್ಟು ಬಡಿದ ಪಟ್ಟಿಗಳ ಬಾಗಿಲು, ಒಳಗೆಲ್ಲೂ ಸಿಬಿರು ಏಳದಂತೆ ಉಜ್ಜಿದ ಮರ. ಪೆಟ್ಟಿಗೆಯಲ್ಲಿ ಕೊರತೆಯಿಲ್ಲ, ಈಗಲೂ ಹೇಳುತ್ತೇನೆ.

ಆದರೆ ಮೂರು ರಾತ್ರಿ ಮೂರನೇ ಮಹಡಿಯ ಆ ಮನೆಯಲ್ಲಿ ಯಾರೂ ಎವೆ ಮುಚ್ಚಲಿಲ್ಲ. ಪೆಟ್ಟಿಗೆ ನಡುಮನೆಯಲ್ಲಿ, ಇವರು ಒಳಕೋಣೆಯಲ್ಲಿ. ಮರಿ ಕುಂಯ್ ಎಂದ ಕೂಡಲೆ ಟೈಲರ್ ಓಡಿಬಂದು ಬಾಗಿಲು ತೆಗೆದು, ಎತ್ತಿಕೊಂಡು, ಮುದ್ದು ಮಾತಾಡುತ್ತಿದ್ದ. ಅತ್ತರೆ ಬಾಗಿಲು ತೆಗೆಯುತ್ತದೆ ಎಂದು ಮರಿ ಮೊದಲ ರಾತ್ರಿಯೇ ಕಲಿತುಬಿಟ್ಟಿತು. ಸಾಲದ್ದಕ್ಕೆ ಪೆಟ್ಟಿಗೆಯ ದೂರದ ಮೂಲೆಯಲ್ಲಿ ಉಚ್ಚೆ ಹೊಯ್ದು, ಅದನ್ನೇ ತುಳಿದುಕೊಂಡು ಹಾಸಿಗೆಗೆ ಬಂದು, ಒದ್ದೆಯಾಯಿತೆಂದು ಮತ್ತೆ ಅಳುತ್ತಿತ್ತು.

ಗುರುವಾರ ಬೆಳಿಗ್ಗೆ ಹೆಂಡತಿ ಒಂದು ಸ್ಟಾಪಿನಲ್ಲಿ ಬಸ್ಸು ನಿಲ್ಲಿಸುವುದನ್ನೇ ಮರೆತಳು. ಹದಿನೇಳು ವರ್ಷದ ಕೆಲಸದಲ್ಲಿ ಅದೇ ಮೊದಲು. ಹಿಂದಿನಿಂದ ಅಜ್ಜಿಯೊಬ್ಬಳು, "ಏನಮ್ಮಾ, ಪುಕ್ಕಟೆ ಊರು ತೋರಿಸ್ತೀಯಾ?" ಎಂದು ಕೇಳಿದಳಂತೆ. ಮನೆಗೆ ಬಂದು ಅವಳು ರೇಗಾಡಲಿಲ್ಲ. ನಡೆದದ್ದನ್ನು ಹೇಳಿ, ತಟ್ಟೆ ತೊಳೆದಿಟ್ಟು ಮಲಗಿದಳು. ಟೈಲರ್ ಆಗಲೇ ನನ್ನ ಅಂಗಡಿಗೆ ಓಡಿಬಂದ.

ಶುಕ್ರವಾರ ನಾನೂ ಅವನೂ ಮರಿಯನ್ನು ಪಶುವೈದ್ಯೆಯ ಹತ್ತಿರ ಒಯ್ದೆವು. ಅವಳು ನಮ್ಮ ಬೀದಿಯಲ್ಲೇ ಬೆಳೆದ ಹುಡುಗಿ.

"ಪೆಟ್ಟಿಗೆ ಎಷ್ಟು ದೊಡ್ಡದು ಮಾಮ?" ಎಂದು ಕೇಳಿದಳು. ಟೈಲರ್ ಎರಡೂ ಕೈ ಅಗಲಿಸಿ ತೋರಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ.

"ನೀವು ಹೊಲಿದ ಯೂನಿಫಾರಂ ಹಾಕ್ಕೊಂಡು ಹೋದ್ರೆ ಒಂದನೇ ಕ್ಲಾಸಲ್ಲಿ ಟೀಚರ್ ನನ್ನ ಕೈ ಹುಡುಕ್ತಿದ್ರು. ಇದಕ್ಕೂ ಅದನ್ನೇ ಮಾಡಿದೀರಲ್ಲ."

"ಮೂರು ವರ್ಷ ಬಂತಲ್ಲಮ್ಮ ಆ ಯೂನಿಫಾರಂ."

"ಬಂತು, ಇಲ್ಲ ಅನ್ನಲ್ಲ. ಆದ್ರೆ ಪೆಟ್ಟಿಗೆ ಲೆಕ್ಕ ಬೇರೆ ಮಾಮ. ನಾಯಿ ತಾನು ಮಲಗೋ ಜಾಗ ಗಲೀಜು ಮಾಡಲ್ಲ. ಜಾಗ ಹೆಚ್ಚಿದ್ರೆ ಒಂದು ಮೂಲೆ ಬಚ್ಚಲು, ಇನ್ನೊಂದು ಮೂಲೆ ಹಾಸಿಗೆ ಮಾಡ್ಕೊಳ್ಳುತ್ತೆ. ಎದ್ದು ನಿಂತು, ಒಂದು ಸುತ್ತು ತಿರುಗಿ, ಮಲಗೋಕಾದ್ರೆ ಸಾಕು."

ಉಳಿದದ್ದನ್ನೂ ಬಿಡಿಸಿ ಹೇಳಿದಳು. ಹಗಲು ಬಾಗಿಲು ತೆರೆದಿಟ್ಟು ಊಟ ಪೆಟ್ಟಿಗೆಯೊಳಗೇ ಕೊಡಬೇಕು. ರಾತ್ರಿ ಪೆಟ್ಟಿಗೆ ಜನ ಮಲಗುವ ಕಡೆ ಇರಬೇಕು. ನಡುವೆ ಒಮ್ಮೆ ಉಚ್ಚೆಗೆ ಕೆಳಗೆ ಕರೆದೊಯ್ದು, ಬಂದು, ಮತ್ತೆ ಒಳಗೆ ಬಿಡಬೇಕು. ಆಗ ಮಾತಾಡಬಾರದು, ಮುದ್ದು ಮಾಡಬಾರದು. ಬರೀ ಹಟಕ್ಕೆ ಅತ್ತರೆ, ಅಳು ನಿಂತ ಮೇಲೆಯೇ ಬಾಗಿಲು.

"ಮಾತಾಡಬಾರದು ಅಂದ್ರೆ ಒಂದೂ ಆಡಬಾರದಾ?" ಎಂದ ಟೈಲರ್. ಸೂಜಿಗೆ ದಾರ ಪೋಣಿಸುವಾಗಲೂ ಬಾಯಿ ನಿಲ್ಲಿಸದ ಮನುಷ್ಯ ಅವನು.

ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡೇ ಬಂದ. ಆಯುಷ್ಯವೆಲ್ಲ ಮುಂದಿನ ವರ್ಷಕ್ಕೆ ಹೊಲಿದವನಿಗೆ ಇವತ್ತಿನ ಅಳತೆಗೆ ಮಾಡು ಅಂದರೆ ಅದು ನುಂಗಲಾರದ ತುತ್ತು. ಪೆಟ್ಟಿಗೆ ಕೊಯ್ಯಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ನಾನೇ, "ಕೊಯ್ಯೋದು ಬೇಡ. ಒಳಗೆ ಒಂದು ಅಡ್ಡಹಲಗೆ ನಿಲ್ಲಿಸ್ತೀನಿ. ಮರಿ ಬೆಳೆದ ಹಾಗೆ ಹಿಂದಕ್ಕೆ ಸರಿಸು" ಎಂದೆ.

ಅವನು ಟೇಪು ತೆಗೆದು ಪೆಟ್ಟಿಗೆಯೊಳಗೆ ಹಿಡಿದು ನೋಡಿದ. "ಒಳಗೆ ಮಡಿಸಿದ ಹಾಗೆ ಅನ್ನು. ಅದನ್ನ ಮೊದಲೇ ಹೇಳಬಾರದಾ?" ಎಂದ. ಸಂಜೆಯೊಳಗೆ ಹಲಗೆ ಕೂತಿತು.

ಪೆಟ್ಟಿಗೆ ಮಂಚದ ಬದಿಗೆ ಹೋಯಿತು. "ದೂರ ಇದ್ದಾಗಲೇ ನಿದ್ದೆ ಇಲ್ಲ, ಈಗ ತಲೆ ಹತ್ರಾನೇ ತಂದ್ರಿ" ಎಂದಳು ಹೆಂಡತಿ. ಶುಕ್ರವಾರ ಮರಿ ಒಂದು ಗಂಟೆ ಅತ್ತಿತು. ಟೈಲರ್ ದಿಂಬಿನ ಮೂಲೆ ಕಚ್ಚಿಕೊಂಡು ಮಲಗಿದ್ದನಂತೆ. ಶನಿವಾರ ಅಳು ಅರ್ಧಕ್ಕಿಳಿಯಿತು. ಬೆಳಿಗ್ಗೆ ನೋಡಿದರೆ ಹಾಸಿಗೆ ಒಣಗಿಯೇ ಇತ್ತು.

ಭಾನುವಾರದ ಸಂಗತಿ ಗಂಡ ಹೆಂಡತಿ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದು. ಒಂಬತ್ತಕ್ಕೆ ಮರಿ ಒಳಗೆ ಹೋಗಿ ಒಂದೆರಡು ಸಲ ಮುಲುಗಿ ಸುಮ್ಮನಾಯಿತು. ಟೈಲರ್ ಮಂಚದಿಂದ ಕೈ ಇಳಿಬಿಟ್ಟು, ಬೆರಳನ್ನು ಪಟ್ಟಿಗಳ ನಡುವೆ ತೂರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಿದ್ದಿದ್ದ. ಒಂದೂವರೆಗೆ ಒಳಗಿನಿಂದ ಪರಪರ ಸದ್ದು. ಎರಡನೇ ಸಲ ಪರಚುವಷ್ಟರಲ್ಲಿ ಮರಿಯನ್ನೆತ್ತಿಕೊಂಡು, ದೀಪವನ್ನೂ ಹಾಕದೆ ಮೂರು ಮಹಡಿ ಇಳಿದ. ಕೆಳಗೆ ಮರಿಗೆ ಎಲ್ಲಿಲ್ಲದ ಉತ್ಸಾಹ. ಗೇಟನ್ನು ಮೂಸಿತು, ಇವನ ಚಪ್ಪಲಿಯನ್ನು ಕಚ್ಚಿತು, ಬಂದ ಕೆಲಸ ಬಿಟ್ಟು ಉಳಿದದ್ದೆಲ್ಲ ಮಾಡಿತು. ಬನಿಯನ್ನಿನಲ್ಲಿ ನಡುಗುತ್ತ ನಿಂತವನಿಗೆ ಒಂದು ಬೈಗುಳವನ್ನಾದರೂ ಬೈಯುವ ಹಾಗಿಲ್ಲ. ಕಾಲು ಗಂಟೆಯ ಮೇಲೆ ಕೆಲಸ ಆಯಿತು.

ಮೇಲೆ ಬಂದು ಕತ್ತಲಲ್ಲಿ ಮರಿಯನ್ನು ಪೆಟ್ಟಿಗೆಗೆ ಬಿಟ್ಟು ಏಳುವಾಗ ಮಂಚದ ಕಾಲು ಅವನ ಮೊಣಕಾಲಿಗೆ ಬಡಿಯಿತು. ಬಾಯಿ ಮುಚ್ಚಿಕೊಂಡು ಹಾಗೇ ಕುಳಿತ. ಹೆಂಡತಿ ಅಲುಗಲಿಲ್ಲ. ಆಮೇಲೆ ನಾಲ್ಕರ ಅಲಾರಂ ಕಾಯುತ್ತ ಇದ್ದವನು ಯಾವಾಗ ನಿದ್ದೆ ಹೋದನೋ, ಎದ್ದಾಗ ಏಳು ಗಂಟೆ. ಹೆಂಡತಿ ಹೊರಟುಹೋಗಿದ್ದಳು. ಮರಿ ಒಣಗಿದ ಹಾಸಿಗೆಯಲ್ಲಿ ಮಲಗಿತ್ತು. ಅವಳ ತೀರ್ಪು ಏನೆಂದು ಗೊತ್ತಿಲ್ಲ. ಆ ಬೆಳಿಗ್ಗೆ ಅವನು ಒಂದೇ ಅಂಗಿಗೆ ಎರಡು ಎಡತೋಳು ಹೊಲಿದು ಬಿಚ್ಚಿದ್ದನ್ನು ನಾನೇ ಕಂಡೆ.

ಮಧ್ಯಾಹ್ನ ಪಾಳಿ ಮುಗಿಸಿ ಅವಳು ಖಾಕಿಯಲ್ಲೇ ಅಂಗಡಿಗೆ ಬಂದಳು.

"ಎಚ್ಚರ ಆಯ್ತಾ?" ಎಂದ ಟೈಲರ್.

"ಏನೂ ಗೊತ್ತಾಗ್ಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ನಾನೇ ಕೆಳಗೆ ಕರ್ಕೊಂಡು ಹೋಗಿ ಬಂದೆ. ಇನ್ನು ಆ ಪಾಳಿ ನಂದು. ರಾತ್ರಿದು ನಿಮ್ದು. ಅದಲು ಬದಲು ಇಲ್ಲ."

ಅವನು ಮರಿಯನ್ನು ಎತ್ತಿಕೊಂಡು ಬೀದಿಯ ಅಂಗಡಿಗಳಿಗೆಲ್ಲ ಸುದ್ದಿ ಹೇಳಲು ಹೊರಟ. ಅವಳು ನನ್ನ ಬೆಂಚಿನ ಮೇಲೆ ಕುಳಿತು ನೀರು ಕುಡಿದಳು.

"ಒಂದೂವರೆಯಿಂದ ಎಚ್ಚರವಾಗಿದ್ದೆ ಅಣ್ಣ. ಮೊಣಕಾಲು ಬಡಿಸಿಕೊಂಡೂ ಅವರ ಬಾಯಿಂದ ಒಂದು ಸದ್ದು ಬರಲಿಲ್ಲ. ಅಂಥವರು ಬಾಯಿ ಮುಚ್ಚಿಕೊಂಡ ಮೇಲೆ ನಾನು ಕಣ್ಣು ಮುಚ್ಚಿಕೊಂಡಿರೋಕೆ ಆಗಲ್ವಾ?"

ಇದನ್ನು ಓದಿದಾಗ ಟೈಲರಿಗೂ ಗೊತ್ತಾಗುತ್ತದೆ. ಆಗಲಿ. ಕಾಜಾ ಈಗ ನನ್ನ ಬೆಂಚಿನ ಎತ್ತರ ಬೆಳೆದಿದೆ. ವಾಪಸ್ಸು ಕೊಡುತ್ತೇನೆಂದರೂ ಇಸ್ತ್ರಿ ಅಂಗಡಿಯವಳು ತೆಗೆದುಕೊಳ್ಳುವುದಿಲ್ಲ.