ಕಂಬಳಿ ತಾತನ ಎರಡು ಗುಂಡಿ

ಮಳೆ ಶುರುವಾದಾಗ ನಾನು ಕಂಬಳಿ ತಾತನ ಮನೆಯ ಹೊಸ್ತಿಲಲ್ಲಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೋದ ವರ್ಷದ ಮುಂಗಾರು, ಮಧ್ಯಾಹ್ನದ ಊಟ ಮುಗಿದ ಹೊತ್ತು. ತಾತ ಒಳಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಬೆರಳ ಸಂದುಗಳಲ್ಲಿ ಹುಣಸೆ ಬೀಜದ ಗಂಜಿ ಒಣಗಿ ಬಿರಿದಿತ್ತು. ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ.

ಚಳ್ಳಕೆರೆಯ ಅಂಚಿನ ನಮ್ಮ ಓಣಿ ತಗ್ಗಿನಲ್ಲಿದೆ. ಮೇಲಿನ ಬಡಾವಣೆಯ ಮಳೆನೀರೆಲ್ಲ ಇಳಿದು ನಮ್ಮ ಮನೆಗಳಿಗೇ ನುಗ್ಗುತ್ತಿತ್ತು. ಉಳಿದವರು ಪಾತ್ರೆ ಎತ್ತಿಟ್ಟು ಸುಮ್ಮನಾಗುತ್ತಿದ್ದೆವು. ತಾತನಿಗೆ ಮಾತ್ರ ಮಗ್ಗದ ಗುಂಡಿ ತುಂಬಿದರೆ ಅದು ಒಣಗುವವರೆಗೆ ಕೆಲಸವೇ ಇಲ್ಲ.

ಆ ಮಳೆಗೆ ಕೆಲವು ತಿಂಗಳು ಮೊದಲು, ಓಣಿಯ ಮುಂದಿನ ಬಯಲಿನಲ್ಲಿ ಮಳೆನೀರು ಹೀರಲು ಇಂಗುಗುಂಡಿ ತೋಡಿ, ಸುತ್ತ ಹೊಂಗೆ ಸಸಿ ನೆಟ್ಟು ಬೇಲಿ ಹಾಕುತ್ತೇವೆ ಎಂದು ಊರಿನ ಆಡಳಿತದವರು ಬಂದಾಗ ನಾವೆಲ್ಲ ಹಿಗ್ಗಿದೆವು. ತಾತ ಬಯಲಿನ ನಡುವೆ ಹೋಗಿ ಕೂತುಬಿಟ್ಟರು. ಉಣ್ಣೆಯ ಎಳೆಗಳನ್ನು ಉದ್ದಕ್ಕೆ ಬಿಗಿದು ಕಟ್ಟಿ, ಗಂಜಿ ಬಳಿದು ಅವರು ಒಣಗಿಸುತ್ತಿದ್ದುದು ಅಲ್ಲೇ. ನೆರಳು ಬಿದ್ದರೆ ಎಳೆ ಒಣಗದು. ಬೇಲಿ ಬಂದರೆ ತಾತ ಹೊರಗೆ.

"ಮನ್ಯಾಗೊಂದು ಗುಂಡಿ ಐತೆ. ಸಾಲ್ದಂತ ಇನ್ನೊಂದು ತಂದೀರಾ?"

ಬಂದಿದ್ದ ಇಂಜಿನಿಯರ್ ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನ ಹುಡುಗಿ. "ಒಳಗಿಂದು ಉಳೀಲಿ ಅಂತ್ಲೇ ಹೊರಗೊಂದು ತೋಡೋದು, ತಾತ" ಎಂದಳು.

"ಸೀರೆ ಊರಿಂದ ಬಂದು ಕಂಬಳಿಯೋರಿಗೆ ಬುದ್ಧಿ ಹೇಳ್ತೀಯೇನಮ್ಮಾ?"

"ನಮ್ಮಪ್ಪಾನೂ ಮಗ್ಗದೋನೇ. ಗುಂಡ್ಯಾಗೆ ನೀರು ನಿಂತ್ರೆ ಏನಾಗ್ತೈತೆ, ನಂಗೂ ಗೊತ್ತು."

ತಾತ ಎದ್ದು ಪಂಚೆಯ ಮಣ್ಣು ಕೊಡವಿದರು. ಸಂಜೆಯೊಳಗೆ ಒಪ್ಪಂದವಾಯಿತು: ಗುಂಡಿಯೂ ಸಸಿಗಳೂ ಪಡುವಣದ ಅಂಚಿಗೆ, ಬೆಳಗಿನ ಬಿಸಿಲು ಬಯಲಿಗೆ. ಬೇಲಿ ಇಲ್ಲ.

"ಸಸೀನ ಕುರಿ ಬಿಡ್ತಾವಾ ತಾತ?" ಎಂದು ಹುಡುಗಿ ಕೇಳಿದಳು.

"ಕುರಿ ನಮ್ಮವು. ಮಾತು ನಂದು."

ಗುಂಡಿ ತೋಡಿ ಸಸಿ ನೆಟ್ಟ ದಿನದಿಂದ ತಾತ ಕುರಿ ಹಿಕ್ಕೆ ಕಲಸಿದ ನೀರನ್ನು ಸಸಿಗಳಿಗೆ ಬಳಿಯತೊಡಗಿದರು. ಆ ವಾಸನೆಗೆ ಕುರಿ ಬಾಯಿ ಹಾಕುವುದಿಲ್ಲ. ಒಮ್ಮೆ ಕೆಲಸದ ಗಡಿಬಿಡಿಯಲ್ಲಿ ಹಿಕ್ಕೆಯ ಬದಲು ಗಂಜಿಯನ್ನೇ ಬಳಿದುಬಿಟ್ಟರು. ಕುರಿಗಳು ನೆಕ್ಕುತ್ತ ನೆಕ್ಕುತ್ತ ಎರಡು ಸಸಿ ನುಂಗಿದವು. "ಮಾವ, ಕುರಿಗೆ ಬೀಗರೂಟ ಹಾಕ್ಸಿದ್ರಾ?" ಎಂದು ಸೊಸೆ ನಕ್ಕಳು. ತಾತ ಬೇರೆ ಸಸಿ ತಂದು ನೆಟ್ಟರು.

ಆಮೇಲೆ ಬಂದದ್ದು ಆ ಮಳೆ. ಮೇಲಿನಿಂದ ಕೆಂಪು ನೀರು ಉರುಳಿ ಬಂತು. ಬಯಲಿನ ಅಂಚಿಗೆ ಬಂದ ನೀರು ಅಲ್ಲೇ ಸುತ್ತು ಹೊಡೆಯಿತು. ಹೊಂಗೆ ಸಾಲಿನ ಬುಡ ಬಳಸಿ ಗುಳುಗುಳು ಇಳಿಯತೊಡಗಿತು.

"ಬಂತೇನಲೇ?" ತಾತ ಒಳಗಿನಿಂದ ಕೂಗಿದರು.

"ಗುಂಡಿಗಿಳೀತೈತೆ ತಾತ!"

"ಯಾವ ಗುಂಡಿಗಲೇ?"

"ಹೊರಗಿಂದಕ್ಕೆ! ಹೊರಗಿಂದಕ್ಕೆ!"

ತಾತ ಬಗ್ಗಿ ಮಗ್ಗದ ಗುಂಡಿಯ ತಳವನ್ನು ಅಂಗೈಯಿಂದ ಸವರಿದರು. ಕೈಗೆ ಹತ್ತಿದ ಒಣ ಧೂಳನ್ನು ನನಗೆ ತೋರಿಸಿದರು. ಆಮೇಲೆ ತಲೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಗೇ ಇಳಿದು, ಇಂಗುಗುಂಡಿಯ ದಂಡೆಯಲ್ಲಿ ನಿಂತು, "ಕುಡಿ, ಕುಡಿ, ಇನ್ನೂ ಕುಡಿ" ಎಂದು ಅದಕ್ಕೆ ಹೇಳತೊಡಗಿದರು. ಓಣಿಗೆ ಓಣಿಯೇ ಹೊರಗೆ ಬಂದು ಕೂಗಿತು.

ತಾತ ಈ ಬೇಸಿಗೆಯಲ್ಲಿ ತೀರಿಕೊಂಡರು. ಸಸಿಗಳಿಗೆ ಹಿಕ್ಕೆ ಬಳಿಯುವುದು ಈಗ ನನ್ನ ಕೆಲಸ. ಅಂದು ಆ ನೀರು ತಿರುಗಿದ್ದನ್ನು ಹತ್ತಿರದಿಂದ ಕಂಡವರಲ್ಲಿ ತಾತನ ಸೊಸೆ ಇದ್ದಾಳೆ. ಮಳೆಯಲ್ಲೇ ಸ್ಕೂಟರ್ ಓಡಿಸಿಕೊಂಡು ಬಂದು ತಾತನ ಪಕ್ಕ ತೊಯ್ದು ನಿಂತ ಮೊಳಕಾಲ್ಮೂರಿನ ಆ ಹುಡುಗಿ ಇದ್ದಾಳೆ. ನಾನಿದ್ದೇನೆ.