ಬೇವಿನ ಮರದ ಕೆಳಗಿನ ಟೇಲರ್

ಕೊಟ್ಟೂರಿನಲ್ಲಿ ಯಾವ ಪಕ್ಷಕ್ಕೂ ಸೇರದ ನಮ್ಮ ಮತದಾರರ ಬಳಗಕ್ಕೆ ಆ ಟೇಲರೇ ಹಿರಿಯರು. ಅಳತೆಯ ಟೇಪು ಕೊರಳಲ್ಲಿ ಹಾಗೇ ಇರುತ್ತಿತ್ತು. ಮತದಾರರ ಪಟ್ಟಿ ಹಿಡಿದು ಮನೆ ಮನೆಯ ಬಾಗಿಲಲ್ಲಿ ನಿಂತು, "ಮೊದ್ಲು ಹೆಸರು ಐತೇನು ನೋಡ್ಕೋರಿ, ಆಮ್ಯಾಲೆ ಮಾತು" ಎನ್ನುತ್ತಿದ್ದರು. ಪಟ್ಟಿ ತಾಳೆಯಾದರೆ ಬಾಗಿಲ ಚೌಕಟ್ಟಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ಸತ್ತವರ ಹೆಸರು ಕಂಡರೆ ಅಲ್ಲೇ ಕೂತು ತೆಗೆಸುವ ಅರ್ಜಿ ಬರೆಸುತ್ತಿದ್ದರು. ಕಳ್ಳಮತಕ್ಕೆ ಅದೇ ದಾರಿ ಎಂದು ಅವರಿಗೆ ಸಿಟ್ಟು.

ಒಮ್ಮೆ ಅವರ ಓಣಿಯ ಪಟ್ಟಿ ಓದುವಾಗ, ತೀರಿಹೋಗಿ ಮೂರು ವರ್ಷವಾಗಿದ್ದ ಅವರ ಹೆಂಡತಿಯ ಹೆಸರು ನನ್ನ ಕಣ್ಣಿಗೆ ಬಿತ್ತು.

"ಕಾಕಾ, ಕಾಕಿ ಹೆಸರು ಇನ್ನೂ ಐತಲ್ರಿ?"

ಅವರು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಇರ್ಲಿ ಬಿಡವ್ವ. ಬ್ಯಾರೆ ಎಲ್ಲಿ ಉಳದೈತಿ ಆಕಿ ಹೆಸರು? ಅದ್ರಾಗ ಯಾರೂ ಓಟು ಹಾಕದಂಗ ನಾ ನೋಡ್ಕೋತೀನಿ."

ಮತದಾನದ ದಿನ ಬೆಳಿಗ್ಗೆಯೇ ತಮ್ಮ ಮತ ಹಾಕಿ, ಮತಗಟ್ಟೆಯಾಗಿದ್ದ ಶಾಲೆಯ ಗೇಟಿನಾಚೆ ಬೇವಿನ ಮರದ ಕೆಳಗೆ ಸಂಜೆಯವರೆಗೂ ಕೂತರು, ಬರುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತ.

ಆಮೇಲೆ ಅವರೂ ತೀರಿಹೋದರು. ಮುಂದಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಒಂದರ ಕೆಳಗೊಂದು ಇದ್ದವು. ಅರ್ಜಿ ಬರೆಯಲು ಕೂತ ನನಗೆ ಕೈಯೇ ಏಳಲಿಲ್ಲ. ಆ ಸಲ ಬೇವಿನ ಮರದ ಕೆಳಗೆ ನಾನು ಕೂತೆ.